ಹೋರಿಯ ಹಾಲು

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಗಾದೆಯಲ್ಲಿ ತಂದೆಗೆ ಸ್ಥಾನವಿಲ್ಲವೆಂಬುದನ್ನು ಮಾತ್ರ ನಾವು ಗಮನಿಸುವುದು ಕಡಮೆ. ಮನುಷ್ಯರ ಮಟ್ಟಿಗೆ ಇದಕ್ಕೆ ಏನು ಕಾರಣವೋ ತಿಳಿದವರು ಹೇಳಬೇಕು. ದನಕರುಗಳ ಮಟ್ಟಿಗೆ ಕಾರಣ ಸರಳವಾಗಿದೆ. ಹಸುವಿನ ಗುಣ ದಿನಕ್ಕೆರಡು ಬಾರಿ ಹಾಲು ಕರೆಯುವ ಪಾತ್ರೆಯಲ್ಲಿಯೇ ಕಾಣುತ್ತದೆ. ಮಗಳನ್ನು ತಾಯಿಯೊಡನೆ ಹೋಲಿಸುವುದಕ್ಕೆ ಹಾಲು ಕರೆಯುವವರಿಗೆ ಯಾವ ಶಾಸ್ತ್ರವೂ ಬೇಡ. ಆದರೆ ಅದೇ ಮಗಳಿಗೆ ಹುಟ್ಟುಗುಣದ ಅರ್ಧ ಪಾಲನ್ನು ಕೊಟ್ಟ ಹೋರಿ ಹಾಲು ಕೊಡುವುದಿಲ್ಲ. ಅದರ ಯೋಗ್ಯತೆಯನ್ನು ಅಳೆಯುವ ಪಾತ್ರೆ ಲೋಕದಲ್ಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಮಾತಿಗೆ ನಾವು ನಗುತ್ತೇವೆ. ನಗು ಹಾಗಿರಲಿ. ಹೋರಿಯ ಹಾಲನ್ನು ಅಳೆದೇ ತೀರುತ್ತೇವೆಂದು ಹಟ ಹಿಡಿದವರ ಒಂದು ಪರಂಪರೆ ಕಳೆದ ನೂರು ವರ್ಷಗಳಲ್ಲಿ ಬೆಳೆದು ಬಂದಿದೆ. ಹೋರಿಯ ಹೆಣ್ಣುಮಕ್ಕಳು ಕರೆಯುವ ಹಾಲನ್ನು ತೂಗಿ, ಅದರಿಂದ ತಂದೆಯ ಬೆಲೆ ಕಟ್ಟುವ ಈ ಕ್ರಮಕ್ಕೆ ಸಂತತಿ ಪರೀಕ್ಷೆ ಎಂದು ಹೆಸರು. ಅದರ ಕೆಲವು ಅಧ್ಯಾಯಗಳು ನಡೆದದ್ದು ನಮ್ಮ ಬೆಂಗಳೂರು ದಂಡಿನ ಮಗ್ಗುಲಲ್ಲಿ, ಮೈಸೂರಿನ ಅರಮನೆಯ ಡೈರಿಯಲ್ಲಿ, ಹೆಸರಘಟ್ಟದ ಬಯಲಿನಲ್ಲಿ. ಕನ್ನಡ ಪಾಠ ಹೇಳುವವನಿಗೆ ಈ ವಿಚಾರವೇಕೆ ಎಂದು ವಾಚಕರು ಕೇಳಬಹುದು. ವಂಶಾವಳಿಯನ್ನು ನಂಬಬೇಕೋ, ಮಾಡಿದ ಕೆಲಸವನ್ನು ನೋಡಬೇಕೋ ಎಂಬ ಪ್ರಶ್ನೆ ಶಾಸನಗಳನ್ನು ಓದುವವರಿಗೆ ನಿತ್ಯದ್ದು. ಪ್ರಶಸ್ತಿ ಭಾಗದಲ್ಲಿ ಎಲ್ಲ ಅರಸರೂ ಶೂರರೇ. ಹೋರಿಗಳ ಪ್ರಶಸ್ತಿಯೂ ಅದಕ್ಕಿಂತ ಬೇರೆಯಲ್ಲ.

ಹಿಂದೆ ನಮ್ಮ ಹಳ್ಳಿಗಳಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಬಸವನೇ ಊರ ಹಸುಗಳಿಗೆಲ್ಲ ಗಂಡು. ಅದನ್ನು ಆರಿಸುವಾಗ ಮೈಯ ಸುಳಿ ನೋಡಿದರು, ಬಣ್ಣ ನೋಡಿದರು, ಕೊಂಬಿನ ವಾಲು, ಹಿಣಿಲಿನ ಎತ್ತರ, ಕಾಲಿಡುವ ಠೀವಿ ನೋಡಿದರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ರೈತನಿಗೆ ಬೇಕಾಗಿದ್ದುದು ಉಳುವ ಎತ್ತು. ಎತ್ತಿನ ಗುಣ ಹೋರಿಯ ಮೈಯಲ್ಲಿಯೇ ಕಣ್ಣಿಗೆ ಕಾಣುವಂಥದು. ನಡಿಗೆ ಚುರುಕಾಗಿದೆಯೇ, ಗೊರಸು ಗಟ್ಟಿಯಾಗಿದೆಯೇ ಎಂಬುದನ್ನು ತಿಳಿಯಲು ಅದರ ಮಕ್ಕಳು ಹುಟ್ಟಿ ಬೆಳೆಯುವ ತನಕ ಕಾಯಬೇಕಾಗಿಲ್ಲ.

ಅಮೃತಮಹಲ್ ತಳಿಯ ಕಥೆಯೇ ಇದಕ್ಕೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ (೧೬೭೨–೧೭೦೪) ಕಾಲದಲ್ಲಿ ಅದು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಟಿಪ್ಪು ಸುಲ್ತಾನ್ ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಬೆಣ್ಣೆಯೂ ಹೋಗಲಿಲ್ಲ, ಅಮೃತವೂ ಹೋಗಲಿಲ್ಲ, ಹೆಸರಿನಲ್ಲಿ ಮಾತ್ರ. ಲೋಕದಲ್ಲಿ ಆ ದನಗಳಿಗೆ ಕೀರ್ತಿ ಬಂದದ್ದು ಫಿರಂಗಿ ಎಳೆದುದರಿಂದ. ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಹೈದರನ ಸೈನ್ಯವನ್ನು ಚಿದಂಬರಕ್ಕೆ ಮುಟ್ಟಿಸಿದವೆಂದು ಗೆಜೆಟಿಯರುಗಳು ಬರೆದಿವೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಈ ಮಂದೆಯನ್ನು ಕೈಗೆ ತೆಗೆದುಕೊಂಡರು. ೧೮೬೦ರಲ್ಲಿ ಖರ್ಚು ಉಳಿಸಬೇಕೆಂದು ಅದನ್ನು ಮಾರಿ ಚದುರಿಸಿದರು. ಕೆಲವೇ ವರ್ಷಗಳಲ್ಲಿ ಸೈನ್ಯಕ್ಕೆ ಎತ್ತು ಸಿಗದೆ ಮತ್ತೆ ಕಟ್ಟಿದರು. ಉಳಿತಾಯದ ಇಂಥ ಪ್ರಸಂಗಗಳು ನಮ್ಮ ಕಾಲಕ್ಕೂ ಅಪರಿಚಿತವಲ್ಲ.

ಹಾಲಿನ ಹೋರಿಯ ಪ್ರಶ್ನೆ ನಮ್ಮ ನಾಡಿಗೆ ಬಂದದ್ದು ದಂಡಿನ ಜೊತೆಯಲ್ಲಿ. ೧೮೦೯ರಲ್ಲಿ ಹಲಸೂರು ಕೆರೆಯ ಬಳಿ ಇಂಗ್ಲಿಷರ ದಂಡು ನೆಲೆಯೂರಿತು. ಪೇಟೆಯ ಜನರಿಗೆ ಹಾಲೆಂದರೆ ಮೊಸರು, ಮಜ್ಜಿಗೆ, ತುಪ್ಪ. ದಂಡಿನವರಿಗೆ ಚಹಕ್ಕೆ ಹಸಿ ಹಾಲು, ರೊಟ್ಟಿಗೆ ಬೆಣ್ಣೆ, ಆಸ್ಪತ್ರೆಯ ರೋಗಿಗಳಿಗೆ ಹಾಲು. ಸುತ್ತಣ ಹಳ್ಳಿಗಳಿಂದ ಬರುತ್ತಿದ್ದ ಹಾಲಿಗೆ ನೀರು ಸೇರುತ್ತಿತ್ತು. ನೀರಿನೊಡನೆ ವಿಷಮಶೀತಜ್ವರವೂ ಸೇರುತ್ತಿತ್ತು. ಹಿಂದೂಸ್ಥಾನದ ದಂಡುಗಳಲ್ಲೆಲ್ಲ ಇದೇ ಪಾಡು. ಕಡೆಗೆ ಸರ್ಕಾರ ತನ್ನದೇ ಹಸುಗಳನ್ನು ಸಾಕತೊಡಗಿತು. ಮೊದಲನೆಯ ಸೈನಿಕ ಫಾರ್ಮು ೧೮೮೯ರ ಫೆಬ್ರವರಿ ೧ರಂದು ಅಲಹಾಬಾದಿನಲ್ಲಿ ಹುಟ್ಟಿತು. ಬಳಿಕ ಒಂದೊಂದೇ ದಂಡಿಗೆ ಹಬ್ಬಿತು. ನಮ್ಮ ಪೂರ್ವ ಭಾಗದ ಅಗರಂ ಕಡೆ ಹೋದರೆ ಮಿಲಿಟರಿ ಡೈರಿಯ ಹೆಸರು ಇನ್ನೂ ಜನರ ಬಾಯಲ್ಲಿದೆ.

ಈ ಫಾರ್ಮುಗಳು ಮಾಡಿದ ಒಂದು ಕೆಲಸವನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಭಾವನೆ. ಅವು ಪ್ರತಿ ಹಸುವಿಗೂ ಒಂದು ಸಂಖ್ಯೆ ಕೊಟ್ಟವು. ಪ್ರತಿ ಕರೆತವನ್ನೂ ತೂಗಿ ಪುಸ್ತಕದಲ್ಲಿ ಬರೆದವು. ಸೈನ್ಯದ ಲೆಕ್ಕಪತ್ರದ ಶಿಸ್ತು ಅದು. ಎಷ್ಟು ಮೇವು ಹೋಯಿತು, ಎಷ್ಟು ಪೌಂಡು ಹಾಲು ಬಂತು ಎಂಬ ಜಮಾಖರ್ಚು. ಆದರೆ ಹಸುವಿನ ಪಕ್ಕದಲ್ಲಿ ಅದರ ತಾಯಿತಂದೆಗಳ ಸಂಖ್ಯೆಯನ್ನೂ ಬರೆದಿಟ್ಟ ಮೇಲೆ ಅದು ಬರಿಯ ಜಮಾಖರ್ಚಾಗಿ ಉಳಿಯಲಿಲ್ಲ. ಹೋರಿಯ ಹಾಲನ್ನು ಅಳೆಯುವುದಕ್ಕೆ ಬೇಕಾದ ಸಾಮಗ್ರಿ ಅದರಲ್ಲಿಯೇ ಇತ್ತು.

೧೯೨೩ರಲ್ಲಿ ಆಡುಗೋಡಿಯಲ್ಲಿ ಇಂಪೀರಿಯಲ್ ಪಶುಸಂಗೋಪನ ಮತ್ತು ಡೈರಿ ಸಂಸ್ಥೆ ಆರಂಭವಾಯಿತು. ಇಂಪೀರಿಯಲ್ ಡೈರಿ ತಜ್ಞರೆಂಬ ಹುದ್ದೆಯಲ್ಲಿದ್ದ ವಿಲಿಯಂ ಸ್ಮಿತ್ ಅದರ ಮುಖ್ಯಸ್ಥರು. ದೇಶದ ನಾನಾ ಭಾಗಗಳಿಂದ ಹುಡುಗರು ಡೈರಿ ಡಿಪ್ಲೊಮಾ ಕಲಿಯಲು ಇಲ್ಲಿಗೆ ಬಂದರು. ೧೯೨೭ರಲ್ಲಿ ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿನ ಕುಮಾರಪಾರ್ಕಿನಲ್ಲಿ ತಂಗಿದ್ದ ಗಾಂಧೀಜಿಯವರೂ ಈ ಸಂಸ್ಥೆಗೆ ಬಂದು ಗೋಪಾಲನೆಯ ಪಾಠ ಹೇಳಿಸಿಕೊಂಡರು; ಮದನಮೋಹನ ಮಾಳವೀಯರೂ ಬಂದಿದ್ದರು. ಸಂದರ್ಶಕರ ಪುಸ್ತಕದಲ್ಲಿ ಗಾಂಧೀಜಿ ತಮ್ಮ ವೃತ್ತಿಯನ್ನು ರೈತನೆಂದೂ ಊರನ್ನು ಸಾಬರಮತಿಯೆಂದೂ ಬರೆದರು. ಗೋರಕ್ಷಣೆಯೆಂದರೆ ಬರಿಯ ಭಕ್ತಿಯಲ್ಲ, ಲೆಕ್ಕವೂ ಹೌದು ಎಂಬ ಅವರ ನಿಲುವಿಗೆ ಆಡುಗೋಡಿಯ ದಿನಗಳು ಬಲಕೊಟ್ಟವೆಂದು ತಿಳಿಯಬಹುದು. ೧೯೪೯ಕ್ಕೆ ಮುಂಚೆ ಆನಂದಕ್ಕೆ ಕಾಲಿಡದಿದ್ದ ವರ್ಗೀಸ್ ಕುರಿಯನ್ನರೂ ಡೈರಿಯ ಮೊದಲ ಪಾಠ ಕಲಿತದ್ದು ಈ ಅಂಗಳದಲ್ಲಿ. ೧೯೫೫ರಲ್ಲಿ ಸಂಸ್ಥೆಯ ಕೇಂದ್ರ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ದಕ್ಷಿಣದ ಪ್ರಾದೇಶಿಕ ಕೇಂದ್ರ ಉಳಿಯಿತು.

ಆ ಸಂಸ್ಥೆಯಲ್ಲಿ ‘ಜಿಲ್’ ಎಂಬ ಒಂದು ಮಿಶ್ರತಳಿಯ ಹಸುವಿತ್ತು. ಸ್ಕಾಟ್‌ಲೆಂಡಿನ ಏರ್‌ಷೈರ್ ರಕ್ತವೂ ನಮ್ಮ ಹರಿಯಾಣ ರಕ್ತವೂ ಅದರಲ್ಲಿ ಕೂಡಿತ್ತು. ಹಾಲಿನ ಹೊಳೆ ಹರಿಸಿ ಹೆಸರಾದ ಹಸು. ಇಂಥ ಹಸುವನ್ನು ಕಂಡವರಿಗೆ ಸಹಜವಾಗಿ ಒಂದು ಆಸೆ ಹುಟ್ಟುತ್ತದೆ: ಇದರ ಹೊಟ್ಟೆಯಲ್ಲಿ ಹುಟ್ಟಿದ ಹೋರಿಯನ್ನು ಬೀಜಕ್ಕೆ ಬಿಟ್ಟರೆ ನಾಡಿನ ಹಸುಗಳೆಲ್ಲ ಜಿಲ್‌ಗಳೇ ಆಗುವುವಲ್ಲ! ಈ ಆಸೆಯ ಮೇಲೆಯೇ ಲೋಕದ ಪಶುಸಂಗೋಪನೆ ಬಹುಕಾಲ ನಡೆಯಿತು. ತಾಯಿ ಹೆಚ್ಚು ಹಾಲು ಕೊಟ್ಟರೆ ಮಗ ಒಳ್ಳೆಯ ಹೋರಿ. ಇದರಲ್ಲಿ ಸತ್ಯಾಂಶವಿದೆ, ಆದರೆ ಅರ್ಧಕ್ಕಿಂತಲೂ ಬಹಳ ಕಡಮೆ. ಹೆಸರಾಂತ ಹಸುವಿನ ಹಾಲಿನಲ್ಲಿ ಹುಟ್ಟುಗುಣ ಎಷ್ಟು, ಫಾರ್ಮಿನ ಹಿಂಡಿ ಹುಲ್ಲು ಎಷ್ಟು, ಅದೃಷ್ಟ ಎಷ್ಟು? ಹುಟ್ಟುಗುಣದಲ್ಲಿಯೂ ತಾಯಿ ತನ್ನ ಅರ್ಧವನ್ನು ಮಾತ್ರ ಮಗನಿಗೆ ಕೊಡುತ್ತಾಳೆ. ಯಾವ ಅರ್ಧವೆಂಬುದು ಪ್ರತಿ ಕರುವಿಗೂ ಬೇರೆ. ಒಂದೇ ತಾಯಿತಂದೆಗಳ ಇಬ್ಬರು ಅಣ್ಣತಮ್ಮಂದಿರಲ್ಲಿ ಒಬ್ಬ ಜಾಣ, ಇನ್ನೊಬ್ಬ ದಡ್ಡನಾಗಿರುವುದನ್ನು ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಮಕ್ಕಳನ್ನೇ ನೋಡಬೇಕು ಎಂದರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಯೂರೋಪು ಅಮೆರಿಕಗಳಲ್ಲಿ ಹಬ್ಬಿದ ಉಪಾಯ ಇದು: ಹೋರಿಯ ಹೆಣ್ಣುಮಕ್ಕಳ ಹಾಲನ್ನು ಅವುಗಳ ತಾಯಂದಿರ ಹಾಲಿನೊಡನೆ ಹೋಲಿಸು. ಮಕ್ಕಳು ತಾಯಂದಿರನ್ನು ಮೀರಿಸಿದರೆ ಆ ಹೆಚ್ಚಳ ತಂದೆಯದು. ಮಕ್ಕಳ ಸರಾಸರಿಯನ್ನು ಇಮ್ಮಡಿ ಮಾಡಿ ತಾಯಂದಿರ ಸರಾಸರಿಯನ್ನು ಕಳೆದರೆ ಹೋರಿಯ ‘ಹಾಲು’ ಸಿಕ್ಕಿಬಿಡುತ್ತದೆ! ಗಣಿತ ಸುಂದರವಾಗಿತ್ತು, ಗಾದೆಗೂ ಒಪ್ಪಿತ್ತು. ನಮ್ಮ ಸರ್ಕಾರಿ ಫಾರ್ಮುಗಳ ವರದಿಗಳಲ್ಲಿ ಬಹುಕಾಲ ಇದೇ ನಡೆಯಿತು.

ಇದರ ಹುಳುಕು ಎಲ್ಲಿದೆ ನೋಡಿ. ತಾಯಿ ಚೊಚ್ಚಲು ಕರು ಹಾಕಿದ್ದು ಒಂದು ಕಾಲ. ಮಗಳು ಚೊಚ್ಚಲು ಕರು ಹಾಕಿದ್ದು ನಾಲ್ಕೈದು ವರ್ಷಗಳ ನಂತರ. ನಡುವೆ ಫಾರ್ಮಿಗೆ ಕೊಳವೆಬಾವಿ ಬಂದಿರಬಹುದು. ಹಸಿರು ಮೇವು ಬಂದಿರಬಹುದು. ಒಬ್ಬ ಶ್ರದ್ಧಾವಂತ ಅಧಿಕಾರಿ ಬಂದಿರಬಹುದು. ತಾಯಂದಿರು ಸೂಲಿಗೆ ೧,೫೦೦ ಕಿಲೋ ಕೊಟ್ಟು ಮಕ್ಕಳು ೧,೮೦೦ ಕೊಟ್ಟರೆಂದು ಇಟ್ಟುಕೊಳ್ಳೋಣ. ಆ ೩೦೦ ಕಿಲೋ ಹೋರಿಯ ಮಹಿಮೆಯೋ, ಹುಲ್ಲಿನ ಮಹಿಮೆಯೋ? ಅದೇ ಕೊಟ್ಟಿಗೆಯ ಬೇರೆ ಹೋರಿಗಳ ಮಕ್ಕಳೂ ಅಷ್ಟೇ ಹೆಚ್ಚಿಸಿಕೊಂಡಿದ್ದರೆ ನಮ್ಮ ಹೋರಿಯದು ಸೊನ್ನೆ. ಬರಗಾಲ ಬಂದು ಮಕ್ಕಳ ಹಾಲು ಇಳಿದರೆ ಒಳ್ಳೆಯ ಹೋರಿಯನ್ನು ಕಟುಕನಿಗೆ ಕೊಟ್ಟುಬಿಡುವುದೂ ಸಾಧ್ಯ. ಇನ್ನೊಂದು ಮಾತು: ಒಳ್ಳೆಯ ಹೋರಿಯೆಂದು ಹೆಸರಾದದ್ದಕ್ಕೆ ಒಳ್ಳೆಯ ಹಸುಗಳನ್ನೇ ಕಳಿಸುತ್ತಾರೆ. ಒಂದು ಸೂಲಿನಲ್ಲಿ ತೀರ ಹೆಚ್ಚು ಕೊಟ್ಟ ಹಸುಗಳ ಮಕ್ಕಳು ಸಾಮಾನ್ಯವಾಗಿ ಸರಾಸರಿಯ ಕಡೆಗೆ ಇಳಿಯುತ್ತವೆ. ಏಕೆಂದರೆ ಆ ಹೆಚ್ಚಿನಲ್ಲಿ ಅದೃಷ್ಟದ ಪಾಲೂ ಇತ್ತು, ಅದೃಷ್ಟ ವಂಶಪಾರಂಪರ್ಯವಾಗಿ ಬರುವುದಿಲ್ಲ. ಆಗ ಅಪರಾಧ ಹೋರಿಯ ತಲೆಗೆ.

ಎರಡನೆಯ ತೊಡಕು ಸಂಖ್ಯೆಯದು. ಹಸುಗಳ ಹಾಲಿನಲ್ಲಿ ಒಂದಕ್ಕೊಂದಕ್ಕೆ ಕಾಣುವ ವ್ಯತ್ಯಾಸದಲ್ಲಿ ಸುಮಾರು ಕಾಲುಭಾಗ ಮಾತ್ರ ಹುಟ್ಟಿನಿಂದ ಬಂದದ್ದು, ಉಳಿದ ಮುಕ್ಕಾಲು ಮೇವು, ಆರೈಕೆ, ಕಾಲಗಳದು ಎಂದು ಇಟ್ಟುಕೊಂಡರೆ, ಲೆಕ್ಕ ಹೀಗೆ ಬರುತ್ತದೆ: ಐದು ಹೆಣ್ಣುಮಕ್ಕಳ ಮೇಲೆ ಹೋರಿಯನ್ನು ತೂಗಿದರೆ ಆ ತೀರ್ಪಿನ ಭರವಸೆ ನೂರಕ್ಕೆ ೨೫, ಹದಿನೈದು ಮಕ್ಕಳಿದ್ದರೆ ೫೦, ಐವತ್ತಾದರೆ ೭೭, ನೂರಾದರೆ ೮೭. ಐದರಿಂದ ಹದಿನೈದಕ್ಕೆ ಹೋದಾಗ ದೊರೆತಷ್ಟು ಲಾಭ ಐವತ್ತರಿಂದ ನೂರಕ್ಕೆ ಹೋದಾಗ ದೊರೆಯುವುದಿಲ್ಲ. ಒಂದು ಸರ್ಕಾರಿ ಫಾರ್ಮಿನಲ್ಲಿ ಒಂದು ಹೋರಿಗೆ ಸೂಲು ಮುಗಿಸಿದ ಹೆಣ್ಣುಮಕ್ಕಳು ಎಷ್ಟು ದೊರೆತಾವು? ಹುಟ್ಟಿದ ಕರುಗಳಲ್ಲಿ ಅರ್ಧ ಗಂಡು; ಉಳಿದವುಗಳಲ್ಲಿ ಕೆಲವು ಸಾಯುತ್ತವೆ, ಕೆಲವು ಗಬ್ಬವಾಗುವುದಿಲ್ಲ, ಕೆಲವನ್ನು ಮಾರುತ್ತಾರೆ. ಹತ್ತು ಉಳಿದರೆ ಪುಣ್ಯ. ಹತ್ತು ಮಕ್ಕಳ ಮಾತಿನ ಮೇಲೆ ತಂದೆಯನ್ನು ತೂಗುವುದು, ಹತ್ತು ಮತಗಳನ್ನು ಎಣಿಸಿ ಚುನಾವಣೆಯ ಫಲಿತಾಂಶ ಸಾರಿದ ಹಾಗೆ.

ಮೂರನೆಯದು ಕಾಲ. ಹೋರಿಗೆ ಎರಡು ವರ್ಷ ತುಂಬಿದಾಗ ಹಸುವಿಗೆ ಬಿಟ್ಟರು. ಒಂಬತ್ತು ತಿಂಗಳಿಗೆ ಕರು ಹುಟ್ಟಿತು. ನಮ್ಮ ನಾಡತಳಿಯ ಕಡಸು ಚೊಚ್ಚಲು ಈಯುವಾಗ ನಾಲ್ಕು ವರ್ಷ. ಸೂಲು ಮುಗಿಯಲು ಇನ್ನೂ ಹತ್ತು ತಿಂಗಳು. ತೀರ್ಪು ಹೊರಬೀಳುವ ಹೊತ್ತಿಗೆ ಹೋರಿಗೆ ಏಳೆಂಟು ವರ್ಷ. ಆ ವಯಸ್ಸಿಗೆ ಅದು ಬದುಕಿರಬೇಕಲ್ಲ! ಹೋರಿ ಒಳ್ಳೆಯದೆಂದು ತಿಳಿದುಬಂದಾಗ ಅದು ಸತ್ತು ವರ್ಷವಾಗಿತ್ತು ಎಂಬಂಥ ಪ್ರಸಂಗಕ್ಕೆ ಈ ಲೆಕ್ಕದಲ್ಲಿ ಸದಾ ಅವಕಾಶವಿದ್ದೇ ಇತ್ತು. ನಮ್ಮಲ್ಲಿ ಸಾಹಿತಿಗಳಿಗೆ ಪ್ರಶಸ್ತಿ ಬರುವ ಕ್ರಮವನ್ನು ಇಲ್ಲಿ ನೆನೆಯುವುದು ಬೇಡ.

ಈ ಎರಡು ಮೂರು ತೊಡಕುಗಳನ್ನು ಒಮ್ಮೆಗೇ ಸಡಿಲಿಸಿದ್ದು ಕೃತಕ ಗರ್ಭಧಾರಣೆ. ಭಾರತದಲ್ಲಿ ಅದು ಮೊದಲು ನಡೆದದ್ದು ನಮ್ಮ ಮೈಸೂರಿನಲ್ಲಿ ಎಂಬುದು ಅನೇಕರಿಗೆ ತಿಳಿಯದು. ೧೯೩೯ರಲ್ಲಿ ಅರಮನೆಯ ಡೈರಿ ಫಾರ್ಮಿನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳ ಮೇಲೆ ಹೋಲ್‌ಸ್ಟೈನ್ ಹೋರಿಯ ವೀರ್ಯದಿಂದ ಈ ಪ್ರಯೋಗ ಮಾಡಿದರು. ಯುದ್ಧದ ವರ್ಷಗಳಲ್ಲಿ ಇಜ್ಜತ್‌ನಗರದ ಸಂಸ್ಥೆ ಇದನ್ನು ಕೈಗೆತ್ತಿಕೊಂಡಾಗ ತೆರೆದ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು ಬೆಂಗಳೂರಿನದು. ಹೋರಿಯನ್ನು ಹಸುವಿನ ಬಳಿಗೆ ಹೊಡೆದುಕೊಂಡು ಹೋಗಬೇಕಾದ ಕಾಲ ಹೋಯಿತು. ಒಂದೇ ಹೋರಿಗೆ ನೂರು ಕೊಟ್ಟಿಗೆಗಳಲ್ಲಿ ಮಕ್ಕಳಾಗುವುದು ಸಾಧ್ಯವಾಯಿತು. ೧೯೪೯ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ಮೂವರು ಗ್ಲಿಸರಿನ್ನಿನಲ್ಲಿ ವೀರ್ಯವನ್ನು ಹೆಪ್ಪುಗಟ್ಟಿಸಿ ಬದುಕಿಸಿಡಬಹುದೆಂದು ತೋರಿಸಿದ ಮೇಲೆ ಕಾಲದ ತೊಡಕೂ ಹೋಯಿತು. ಸೊನ್ನೆಗಿಂತ ೧೯೬ ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಹೋರಿ ಸತ್ತರೂ ಅದರ ಬೀಜ ಕಾಯುತ್ತದೆ.

ಆದರೆ ಅಪಾಯವೂ ಅಷ್ಟೇ ದೊಡ್ಡದಾಯಿತು. ಹಿಂದೆ ಕೆಟ್ಟ ಬಸವ ಒಂದು ಊರನ್ನು ಕೆಡಿಸುತ್ತಿತ್ತು. ಈಗ ಕೆಟ್ಟ ಹೋರಿ ಒಂದು ಜಿಲ್ಲೆಯನ್ನೇ ಕೆಡಿಸಬಲ್ಲುದು. ಅಳತೆ ಸರಿಯಾಗಿರಬೇಕೆಂಬ ಮಾತಿಗೆ ಆಗ ನಿಜವಾದ ತೂಕ ಬಂತು.

ಡೆನ್ಮಾರ್ಕಿನವರು ಇದಕ್ಕೆ ಮೊದಲು ಎಚ್ಚೆತ್ತವರು. ಸಾಮ್ಸೋ ಎಂಬ ಸಣ್ಣ ದ್ವೀಪದಲ್ಲಿ ೧೯೩೬ರಷ್ಟು ಹಿಂದೆಯೇ ರೈತರು ಸೇರಿ ಕೃತಕ ಗರ್ಭಧಾರಣೆಯ ಸಹಕಾರ ಸಂಘ ಕಟ್ಟಿದ್ದರು. ೧೯೪೫ರ ಹೊತ್ತಿಗೆ ಅವರು ಒಂದು ಅಚ್ಚುಕಟ್ಟಾದ ಏರ್ಪಾಡನ್ನು ಹೂಡಿದರು. ಒಂದೊಂದು ಹೋರಿಯ ಹದಿನೆಂಟು ಇಪ್ಪತ್ತು ಹೆಣ್ಣುಮಕ್ಕಳನ್ನು ರೈತರಿಂದ ತಂದು ವಿಶೇಷ ಪರೀಕ್ಷಾ ಕೇಂದ್ರದಲ್ಲಿ ಕಟ್ಟಿದರು. ಒಂದೇ ಮೇವು, ಒಂದೇ ಕೊಟ್ಟಿಗೆ, ಒಂದೇ ಕಾಲ, ನುರಿತ ಕೈಗಳು. ರೈತರ ಕೊಟ್ಟಿಗೆಗಳ ಗಜಿಬಿಜಿಯಿಂದ ಪಾರಾಗಿ ಹೋರಿಯ ಗುಣ ಶುದ್ಧವಾಗಿ ಕಾಣಬೇಕಲ್ಲವೇ? ಲೋಕವೆಲ್ಲ ಮೆಚ್ಚಿತು. ನಾವಾಗಿದ್ದರೂ ಮೆಚ್ಚುತ್ತಿದ್ದೆವು.

ಎಡಿನ್‌ಬರೋದ ಅಲನ್ ರಾಬರ್ಟ್‌ಸನ್ ಮತ್ತು ಮೇಸನ್ ೧೯೫೬ರಲ್ಲಿ ಈ ಕೇಂದ್ರಗಳ ಫಲಿತಾಂಶವನ್ನು, ಅವೇ ಹೋರಿಗಳ ಇತರ ಹೆಣ್ಣುಮಕ್ಕಳು ರೈತರ ಮನೆಗಳಲ್ಲಿ ಕೊಟ್ಟ ಹಾಲಿನೊಡನೆ ಹೋಲಿಸಿದರು. ಕೇಂದ್ರದಲ್ಲಿ ಹೋರಿ ಹೋರಿಗಳ ನಡುವೆ ಕಾಣುತ್ತಿದ್ದ ದೊಡ್ಡ ಅಂತರ ಹೊಲಮನೆಯಲ್ಲಿ ಕಾಣಲಿಲ್ಲ. ಏಕೆ? ಒಂದು ಹೋರಿಯ ಮಕ್ಕಳೆಲ್ಲ ಒಂದೇ ಕೇಂದ್ರದಲ್ಲಿ, ಒಂದೇ ಸಾಲಿನಲ್ಲಿ, ಒಬ್ಬನದೇ ಆರೈಕೆಯಲ್ಲಿದ್ದವು. ಆ ಸಾಲಿನ ಅದೃಷ್ಟ ದುರದೃಷ್ಟಗಳೆಲ್ಲ ಒಟ್ಟಾಗಿ ತಂದೆಯ ಖಾತೆಗೆ ಜಮೆಯಾದವು. ಗಜಿಬಿಜಿಯನ್ನು ಹೊರಗಟ್ಟಲು ಹೋಗಿ ಅದನ್ನು ಹೋರಿಯ ಹೆಸರಿಗೇ ಬರೆದುಕೊಟ್ಟಂತಾಯಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ರುಚಿಸಿದ ಘಟ್ಟ ಇದೇ. ಒಂದೇ ಕೊಟ್ಟಿಗೆಯ ಇಪ್ಪತ್ತು ಮಕ್ಕಳಿಗಿಂತ, ಇಪ್ಪತ್ತು ಕೊಟ್ಟಿಗೆಗಳಲ್ಲಿ ಚೆದರಿದ ಇಪ್ಪತ್ತು ಮಕ್ಕಳು ತಂದೆಯ ವಿಷಯದಲ್ಲಿ ಹೆಚ್ಚು ನಿಜ ಹೇಳುತ್ತವೆ. ಪ್ರತಿ ಕೊಟ್ಟಿಗೆಯ ಸುಳ್ಳೂ ಬೇರೆ ಬೇರೆಯಾಗಿರುವುದರಿಂದ ಒಂದನ್ನೊಂದು ಅಳಿಸಿಹಾಕುತ್ತವೆ.

ಹಾಗಾದರೆ ಹೋಲಿಸಬೇಕಾದದ್ದು ಯಾರೊಡನೆ? ತಾಯಿಯೊಡನೆ ಅಲ್ಲ, ಅದೇ ಕೊಟ್ಟಿಗೆಯಲ್ಲಿ ಅದೇ ವರ್ಷ ಅದೇ ಕಾಲದಲ್ಲಿ ಚೊಚ್ಚಲು ಕರು ಹಾಕಿದ, ಬೇರೆ ಹೋರಿಗಳ ಮಕ್ಕಳೊಡನೆ. ಸಮಕಾಲೀನರೊಡನೆ ಹೋಲಿಕೆ ಎಂಬ ಈ ಕ್ರಮ ೧೯೫೦ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಢಿಗೆ ಬಂತು. ಗಾದೆಯ ತಾಯಿ ಅಲ್ಲಿಗೆ ಪಕ್ಕಕ್ಕೆ ಸರಿದಳು. ಇದರಲ್ಲಿಯೂ ಒಂದು ಕೊರತೆ ಉಳಿಯಿತು. ಸಮಕಾಲೀನರ ತಂದೆಯರೇ ಒಳ್ಳೆಯ ಹೋರಿಗಳಾಗಿದ್ದರೆ ಹೋಲಿಕೆಯಲ್ಲಿ ನಮ್ಮ ಹೋರಿ ಸುಮ್ಮಸುಮ್ಮನೆ ಕೀಳಾಗಿ ಕಾಣುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಚಾರ್ಲ್ಸ್ ಹೆಂಡರ್‌ಸನ್ ಇದಕ್ಕೆ ಪರಿಹಾರ ಕಂಡವನು. ಎಲ್ಲ ಹೋರಿಗಳ, ಎಲ್ಲ ಕೊಟ್ಟಿಗೆಗಳ, ಎಲ್ಲ ಋತುಗಳ ಲೆಕ್ಕವನ್ನೂ ಒಂದೇ ಸಮೀಕರಣಗಳ ಜಾಲದಲ್ಲಿಟ್ಟು ಒಟ್ಟಿಗೆ ಬಿಡಿಸುವುದು ಅವನ ಮಾರ್ಗ. ಮಕ್ಕಳು ಕಡಮೆಯಿರುವ ಹೋರಿಯ ಹೊಗಳಿಕೆಯನ್ನು ತಕ್ಕಷ್ಟು ತಗ್ಗಿಸಿ ಸರಾಸರಿಯ ಕಡೆಗೆ ಎಳೆಯುವ ಗುಣ ಅದರಲ್ಲಿದೆ. ೧೯೪೯ರಿಂದ ಅವನು ಬೆಳೆಸಿದ ಈ ಮಾರ್ಗ ಗಣಕಯಂತ್ರಗಳು ಬರುವ ತನಕ ಕಾಗದದಲ್ಲಿಯೇ ಇತ್ತು. ೧೯೭೦ರ ದಶಕದಿಂದ ಲೋಕವೆಲ್ಲ ಅದನ್ನೇ ಅನುಸರಿಸಿತು.

ಇಂಥ ಲೆಕ್ಕಗಳಲ್ಲಿ ಯಾವ ವ್ಯತ್ಯಾಸ ಎಷ್ಟು ಪಾಲು ಎಂದು ವಿಂಗಡಿಸುವುದು ಮುಖ್ಯ. ಅದಕ್ಕೆ ೧೯೭೦ರ ಆಸುಪಾಸಿನಲ್ಲಿ ಒಂದು ಹೊಸ ವಿಧಾನವನ್ನು ಕೊಟ್ಟವರು ಸಿ. ಆರ್. ರಾವ್. ಅವರು ಹುಟ್ಟಿದ್ದು ೧೯೨೦ರಲ್ಲಿ ಬಳ್ಳಾರಿ ಸೀಮೆಯ ಹೂವಿನ ಹಡಗಲಿಯಲ್ಲಿ. ಮಲ್ಲಿಗೆಗೆ ಹೆಸರಾದ ಊರಿನಲ್ಲಿ ಹುಟ್ಟಿದವರ ಗಣಿತವನ್ನು ಪಶುತಳಿ ಶಾಸ್ತ್ರದವರು ಬಳಸಿಕೊಂಡರೆಂಬುದು ನಮಗೆ ಸಂತೋಷದ ಸಂಗತಿ.

ಇನ್ನು ನಮ್ಮ ನಾಡಿನ ಮಾತಿಗೆ ಬರೋಣ. ೧೯೬೯ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಹೆಪ್ಪುಗಟ್ಟಿಸಿದ ವೀರ್ಯದ ಕೇಂದ್ರ ಸ್ಥಾಪನೆಯಾಯಿತು. ೧೯೬೫ರ ಜನವರಿಯಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಬೆಂಗಳೂರು ಡೈರಿಯನ್ನು ನಾಡಿಗೆ ಅರ್ಪಿಸಿ ಆಗ ನಾಲ್ಕು ವರ್ಷ. ಹಾಲು ಕೊಳ್ಳುವವರು ಸಿದ್ಧರಾದರು, ಬೀಜವೂ ಸಿದ್ಧವಾಯಿತು. ಹೊಸಕೋಟೆ, ವರ್ತೂರು, ಕೃಷ್ಣರಾಜಪುರದ ಕಡೆಯ ಕೊಟ್ಟಿಗೆಗಳಲ್ಲಿ ಕಪ್ಪುಬಿಳುಪಿನ ಕರುಗಳು ತುಂಬಿಕೊಂಡವು. ಜನ ಇಂದಿಗೂ ಅವನ್ನು ಸೀಮೆಹಸು ಎನ್ನುತ್ತಾರೆ. ಎಷ್ಟೋ ತಲೆಮಾರು ಇಲ್ಲಿಯೇ ಹುಟ್ಟಿ ಬೆಳೆದರೂ ಅವುಗಳ ಸೀಮೆ ಬದಲಾಗಿಲ್ಲ.

ಆದರೆ ಸಂತತಿ ಪರೀಕ್ಷೆಗೆ ಇಲ್ಲಿ ಬೇರೊಂದು ಸಂಕಟ. ಅಮೆರಿಕದ ಕೊಟ್ಟಿಗೆಯಲ್ಲಿ ನೂರಾರು ಹಸುಗಳು. ನಮ್ಮ ರೈತನ ಮನೆಯಲ್ಲಿ ಎರಡು, ಹೆಚ್ಚೆಂದರೆ ಮೂರು. ಸಮಕಾಲೀನರೊಡನೆ ಹೋಲಿಸಬೇಕೆಂದರೆ ಸಮಕಾಲೀನರೇ ಇಲ್ಲ! ಹಲಸೂರಿನ ಸಂದಿಯಲ್ಲಿ ಕಟ್ಟಿದ ಹಸು ಬೂಸಾ ಹಿಂಡಿಯ ಜೊತೆಗೆ ಶಿವಾಜಿನಗರದ ಮಾರುಕಟ್ಟೆಯ ಹೂಕೋಸಿನ ಎಲೆ ತಿನ್ನುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ಅಂಚಿನ ಹಸು ಕೆರೆಹುಲ್ಲು ತಿನ್ನುತ್ತದೆ. ಹೊಸಕೋಟೆಯ ಹಸು ರಾಗಿಹುಲ್ಲು ತಿನ್ನುತ್ತದೆ. ಒಂದು ಹತ್ತು ಲೀಟರು, ಒಂದು ಹದಿನೈದು ಲೀಟರು ಕೊಟ್ಟರೆ ತಂದೆಯರ ಅಂತರವೆಷ್ಟು, ಮೇವಿನ ಅಂತರವೆಷ್ಟು? ಇಂದಿರಾನಗರ ಬಡಾವಣೆಯಾಗುವ ಮುನ್ನ ಹೊಲವಾಗಿದ್ದ ಕಡೆಗಳಲ್ಲಿ ಈಗಲೂ ಒಂದೆರಡು ಹಸು ಕಟ್ಟಿಕೊಂಡು ಮನೆ ಮನೆಗೆ ಹಾಲು ಹಾಕುವವರಿದ್ದಾರೆ. ಅಂಥ ಒಬ್ಬ ಹಿರಿಯ ಹೆಂಗಸು ನಮ್ಮ ಬೀದಿಗೆ ಬಹಳ ಕಾಲ ಹಾಲು ಕೊಟ್ಟವರು. ನಿಮ್ಮ ಹಸುವಿನ ತಂದೆ ಯಾವುದಮ್ಮ ಎಂದು ಒಮ್ಮೆ ಕೇಳಿದೆ. ‘ಸೂಜಿ ಸ್ವಾಮಿ, ಡಾಕ್ಟ್ರ ಸೂಜಿ’ ಎಂದರು.

ಆ ಉತ್ತರದಲ್ಲಿ ನಗುವಂಥದೇನೂ ಇಲ್ಲ. ಪರೀಕ್ಷೆಯ ಎಲ್ಲ ಕಷ್ಟವೂ ಅದರಲ್ಲಿ ಅಡಕವಾಗಿದೆ. ಯಾವ ಹೋರಿಯ ಸೂಜಿಯೆಂದು ಬರೆದಿಡದಿದ್ದರೆ ಅದರ ಮಗಳ ಹಾಲನ್ನು ತೂಗಿ ಪ್ರಯೋಜನವಿಲ್ಲ. ತಪ್ಪಾಗಿ ಬರೆದರಂತೂ ಇನ್ನೂ ಕೆಟ್ಟದ್ದು: ಒಳ್ಳೆಯ ಹೋರಿಯ ಖಾತೆಗೆ ಬೇರೆಯವರ ಮಕ್ಕಳು ಸೇರಿ ಅದು ಸಾಧಾರಣವಾಗುತ್ತದೆ, ಸಾಧಾರಣವಾದದ್ದು ಮೇಲೇರುತ್ತದೆ. ಮಕ್ಕಳ ಸಂಖ್ಯೆ ಹೆಚ್ಚಿಸುವುದಕ್ಕಿಂತ ಮೊದಲು ತಂದೆಯ ಹೆಸರು ಸರಿಯಾಗಿ ಬರೆಯಬೇಕು.

ಕೇರಳದವರು ಇದಕ್ಕೆ ದಾರಿ ಹುಡುಕಿದರು. ೧೯೬೩ರಲ್ಲಿ ಸ್ವಿಸ್ ನೆರವಿನಿಂದ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಯೋಜನೆಯಿಂದ ಬೆಳೆದ ಸುನಂದಿನಿ ಎಂಬ ಮಿಶ್ರತಳಿಯ ಹೋರಿಗಳನ್ನು ರೈತರ ಮನೆಯ ಹಸುಗಳ ಮೇಲೆಯೇ ಪರೀಕ್ಷಿಸತೊಡಗಿದರು. ಹಳ್ಳಿಯನ್ನೇ ಒಂದು ದೊಡ್ಡ ಕೊಟ್ಟಿಗೆಯೆಂದು ತಿಳಿದು ಅದೇ ಕಾಲದಲ್ಲಿ ಈದ ಹಸುಗಳನ್ನು ಒಂದಕ್ಕೊಂದು ಹೋಲಿಸುವುದು. ಅಳೆಯುವವನು ತಿಂಗಳಿಗೊಮ್ಮೆ ಮನೆಗೆ ಬಂದು ಎರಡು ಹೊತ್ತಿನ ಹಾಲು ತೂಗಿ ಬರೆಯುವುದು. ಒಂದು ಸೂಲಿಗೆ ಹತ್ತು ಹನ್ನೊಂದು ಭೇಟಿ. ದಿನವೂ ತೂಗಿದ ಹಾಗಾಗಲಿಲ್ಲ. ಆದರೆ ದಿನವೂ ತೂಗಿದ ಹತ್ತು ಹಸುಗಳಿಗಿಂತ ತಿಂಗಳಿಗೊಮ್ಮೆ ತೂಗಿದ ಐವತ್ತು ಹಸುಗಳು ತಂದೆಯ ಬಗ್ಗೆ ಹೆಚ್ಚು ಹೇಳುತ್ತವೆ. ಈಗ ದೇಶದಾದ್ಯಂತ ದನಗಳ ಕಿವಿಗೆ ಹನ್ನೆರಡು ಅಂಕೆಯ ಹಳದಿ ಬಿಲ್ಲೆ ಬಂದಿದೆ. ಸೂಜಿಗೊಂದು ಹೆಸರು ದೊರೆಯುವ ಸಂಭವ ಹೆಚ್ಚಿದೆ.

ಸೈನಿಕ ಫಾರ್ಮುಗಳೂ ಕಡೆಗಾಲದಲ್ಲಿ ಒಂದು ದೊಡ್ಡ ಕೆಲಸಕ್ಕೆ ಒದಗಿದವು. ಭಾರತೀಯ ಕೃಷಿ ಸಂಶೋಧನ ಪರಿಷತ್ತು ೧೯೮೫ರಲ್ಲಿ ಅವುಗಳ ಜೊತೆ ಸೇರಿ, ಎಂಟರಲ್ಲಿ ಐದು ಪಾಲು ಹೋಲ್‌ಸ್ಟೈನ್, ಮೂರು ಪಾಲು ಸಾಹಿವಾಲ್ ಆದ ‘ಫ್ರೀಸ್ವಾಲ್’ ತಳಿಯ ಯೋಜನೆಯನ್ನು ಹೂಡಿತು; ವಯಸ್ಸಿಗೆ ಬಂದ ಹಸು ೩೦೦ ದಿನಗಳಲ್ಲಿ ೪,೦೦೦ ಕಿಲೋ ಹಾಲು ಕೊಡಬೇಕೆಂಬುದು ಗುರಿ. ದೇಶದ ನಾನಾ ಹವೆಯ ಫಾರ್ಮುಗಳಲ್ಲಿ ಒಂದೇ ಹೋರಿಯ ಮಕ್ಕಳು, ಒಂದೇ ಬಗೆಯ ದಾಖಲೆ: ರಾಬರ್ಟ್‌ಸನ್ ಬಯಸಿದ್ದ ಚೆದರುವಿಕೆಯೂ ಉಂಟು, ಸೈನ್ಯದ ಶಿಸ್ತೂ ಉಂಟು. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ನೆಲ ಭಾರತದಲ್ಲಿ ಬೇರೆ ಇರಲಿಲ್ಲವೆಂದರೆ ತಪ್ಪಾಗಲಾರದು. ೨೦೧೭ರಲ್ಲಿ ಫಾರ್ಮುಗಳನ್ನು ಮುಚ್ಚಬೇಕೆಂದು ತೀರ್ಮಾನವಾಯಿತು. ೨೦೨೧ರ ಮಾರ್ಚ್ ೩೧ರಂದು ದೆಹಲಿ ದಂಡಿನಲ್ಲಿ ಧ್ವಜವಿಳಿಸಿ ೧೩೨ ವರ್ಷಗಳ ಸೇವೆಗೆ ಮುಕ್ತಾಯ ಹೇಳಿದರು. ಹಾಲನ್ನು ಮಾರುಕಟ್ಟೆಯಲ್ಲಿ ಕೊಳ್ಳಬಹುದು ಎಂಬ ವಾದ ಸರಿಯೇ. ಆದರೆ ಆ ಕೊಟ್ಟಿಗೆಗಳು ಹಾಲಿನ ಜೊತೆಗೆ ಲೆಕ್ಕವನ್ನೂ ಉತ್ಪಾದಿಸುತ್ತಿದ್ದವು; ಅದು ಮಾರುಕಟ್ಟೆಯಲ್ಲಿ ಸಿಗುವ ವಸ್ತುವಲ್ಲ. ೧೮೬೦ರ ಅಮೃತಮಹಲ್ ಮಾರಾಟವನ್ನು ಓದಿದವರಿಗೆ ಇದು ಮನಸ್ಸಿಗೆ ಬಾರದೆ ಇರದು.

ಈಗ ಕಾಲ ಮತ್ತೊಮ್ಮೆ ಹೊರಳಿದೆ. ಹೋರಿಕರು ಹುಟ್ಟಿದ ಕೂಡಲೆ ಅದರ ಒಂದು ಕೂದಲಿನ ಬುಡದಿಂದ ವಂಶವಾಹಿಯ ಸಾವಿರಾರು ಗುರುತುಗಳನ್ನು ಓದಿ, ಮಕ್ಕಳು ಹುಟ್ಟುವ ಮುನ್ನವೇ ಬೆಲೆ ಕಟ್ಟುವ ವಿಧಾನವನ್ನು ಮ್ಯೂವಿಸೆನ್, ಹೇಸ್, ಗಾಡರ್ಡ್ ಎಂಬವರು ೨೦೦೧ರಲ್ಲಿ ಸೂಚಿಸಿದರು. ೨೦೦೯ರಲ್ಲಿ ಅಮೆರಿಕ ಅದನ್ನು ಅಧಿಕೃತವಾಗಿ ಸ್ವೀಕರಿಸಿತು. ೨೦೨೪ರಲ್ಲಿ ನಮ್ಮ ದೇಶದ ದನಗಳಿಗಾಗಿ ‘ಗೌ ಚಿಪ್’ ಬಿಡುಗಡೆಯಾಯಿತು. ಏಳೆಂಟು ವರ್ಷದ ಕಾಯುವಿಕೆ ಇನ್ನು ಬೇಡ ಎಂಬ ಹರ್ಷ ಸಹಜ. ಆದರೆ ಯಾವ ಗುರುತು ಎಷ್ಟು ಹಾಲು ಎಂದು ಚಿಪ್ಪಿಗೆ ಗೊತ್ತಾಗುವುದು ಹೇಗೆ? ಸಾವಿರಾರು ಹಸುಗಳ ತೂಗಿದ ಹಾಲನ್ನು ಅವುಗಳ ಗುರುತುಗಳೊಡನೆ ತಾಳೆ ನೋಡಿದ ಮೇಲೆ. ತಿಂಗಳಿಗೊಮ್ಮೆ ತಕ್ಕಡಿ ಹಿಡಿದು ಬರುವವನಿಗೆ ಅಷ್ಟು ಬೇಗ ನಿವೃತ್ತಿಯಿಲ್ಲ.

ಅಳತೆ ಎಷ್ಟು ಸರಿಯಾದರೂ ಅಳೆದದ್ದನ್ನು ಮಾತ್ರ ಅದು ಹೇಳುತ್ತದೆ. ೧೯೬೨ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಚೀಫ್’ ಎಂಬ ಹೋಲ್‌ಸ್ಟೈನ್ ಹೋರಿಗೆ ೧೬,೦೦೦ ಹೆಣ್ಣುಮಕ್ಕಳು. ಹಾಲಿನ ತೀರ್ಪಿನಲ್ಲಿ ಅದಕ್ಕೆ ಸಮನಿಲ್ಲ. ಹದಿನಾರು ಸಾವಿರ ಸಾಕ್ಷಿಗಳ ಮುಂದೆ ಯಾರು ಆಕ್ಷೇಪಿಸಿಯಾರು? ಆದರೆ ಅದರ ರಕ್ತದಲ್ಲಿ ಒಂದು ದೋಷವಿತ್ತು. ಆ ದೋಷ ತಾಯಿತಂದೆ ಇಬ್ಬರಿಂದಲೂ ಬಂದ ಕರು ಗರ್ಭದಲ್ಲಿಯೇ ಸಾಯುತ್ತದೆ. ಮೊಮ್ಮಕ್ಕಳು ಮರಿಮಕ್ಕಳು ಲೋಕವೆಲ್ಲ ಹರಡಿ ಒಂದಕ್ಕೊಂದು ಕೂಡಿದಾಗ ಲಕ್ಷಾಂತರ ಗರ್ಭಗಳು ನಷ್ಟವಾದವು. ಆ ದೋಷ ಯಾವ ವಂಶವಾಹಿಯದೆಂದು ತಿಳಿದದ್ದು ೨೦೧೬ರಲ್ಲಿ. ಸೀಮೆಹಸುವಿನ ಹೆಸರಿನಲ್ಲಿ ನಮ್ಮ ಕೊಟ್ಟಿಗೆಗೆ ಬಂದ ರಕ್ತವೂ ಆ ಲೋಕದ್ದೇ.

ನಮ್ಮ ಹಳ್ಳಿಕಾರ್, ಅಮೃತಮಹಲ್, ಮಲೆನಾಡ ಗಿಡ್ಡ, ಕೃಷ್ಣಾ ಕಣಿವೆಯ ದನಗಳನ್ನು ಈ ಹಾಲಿನ ತಕ್ಕಡಿಯಲ್ಲಿ ತೂಗಿದರೆ ಅವು ಮೇಲೇಳುವುದಿಲ್ಲ. ಅವುಗಳ ಗುಣ ಬೇರೆ: ಬಿಸಿಲು ತಡೆಯುವುದು, ಒಣಹುಲ್ಲಿನಲ್ಲಿ ಬದುಕುವುದು, ಗಟ್ಟಿ ಗೊರಸು, ದೂರ ನಡೆಯುವುದು. ಇವನ್ನು ಅಳೆಯುವ ಪುಸ್ತಕವನ್ನು ಹಿಂದೆ ಫಿರಂಗಿಯ ಎತ್ತುಗಳಿಗೆ ರಸ್ತೆಯೇ ಬರೆದುಕೊಡುತ್ತಿತ್ತು. ಫಿರಂಗಿ ಹೋಯಿತು, ಗಾಡಿ ಹೋಯಿತು, ಉಳುಮೆಗೆ ಟ್ರ್ಯಾಕ್ಟರು ಬಂತು. ಅಜ್ಜಂಪುರದ ತಳಿಕೇಂದ್ರದಲ್ಲಿ ಅಮೃತಮಹಲ್ ಮಂದೆ ಇಂದಿಗೂ ಇದೆ. ಅಲ್ಲಿನ ಹೋರಿಯ ಮಕ್ಕಳನ್ನು ಯಾವುದರಲ್ಲಿ ತೂಗಬೇಕೆಂಬುದು ಆಡುಗೋಡಿಯ ಪುಸ್ತಕಗಳಲ್ಲಿ ಬರೆದಿಲ್ಲ. ಅದಕ್ಕೆ ಬೇಕಾದ ಪುಸ್ತಕವನ್ನು ಹೊಸದಾಗಿಯೇ ತೆರೆಯಬೇಕಾಗಿದೆ.